ಕೋಟಿ ಸಾಲುಗಳ ದತ್ತಾಂಶ, ಕೆಲವು ಸಾವಿರ ಸಾಲುಗಳ ಮಾದರಿ: ಸಂಭವನೀಯತೆಯ ಮಿತಿಗಳನ್ನು ಬಳಸುವ ಸಮಗ್ರ ಮಾರ್ಗದರ್ಶಿ

"ಮಾದರಿ ತೆಗೆದೆ, ಸೂತ್ರ ಹಾಕಿದೆ, ಆಮೇಲೆ ಪೂರ್ತಿ ಎಣಿಸಿದರೆ ಉತ್ತರ ಬೇರೆಯೇ ಬಂತು." ಹೀಗೆ ಹೇಳುವವರ ಲೆಕ್ಕವನ್ನು ಬಿಡಿಸಿ ನೋಡಿದರೆ ಸೂತ್ರ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ತಪ್ಪು ಆಗಿರುವುದು ಅದಕ್ಕೂ ಮೊದಲು. ಏನನ್ನು ಅಳೆಯುತ್ತಿದ್ದೇವೆ ಎಂದು ಬರೆದಿಟ್ಟಿರುವುದಿಲ್ಲ. ಫೈಲಿನ ಮೊದಲ ಹತ್ತು ಸಾವಿರ ಸಾಲುಗಳನ್ನೇ ಮಾದರಿ ಎಂದುಕೊಂಡಿರುತ್ತಾರೆ. ಇಲ್ಲವೇ ಉತ್ತರವನ್ನು ಇಣುಕಿ ನೋಡಿ, ಹಿಡಿಸದಿದ್ದಾಗ ಇನ್ನಷ್ಟು ಸಾಲುಗಳನ್ನು ಸೇರಿಸಿರುತ್ತಾರೆ. ಅದಕ್ಕೇ ಇಲ್ಲಿ ಹಂತಗಳ ಕ್ರಮದ ಬಗ್ಗೆ ಹೆಚ್ಚು ಬರೆದಿದ್ದೇನೆ. ಕ್ರಮ ಕೆಟ್ಟರೆ ಎಂಥ ಸೂತ್ರವೂ ಕೈಹಿಡಿಯುವುದಿಲ್ಲ.

ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ನಿಮ್ಮ ಬಳಿ 100 ಕೋಟಿ ಸಾಲುಗಳ ಸರ್ವರ್ ಲಾಗ್, ಅಂದರೆ ಸರ್ವರಿಗೆ ಬಂದ ಕೋರಿಕೆಗಳ ದಾಖಲೆ ಇದೆ. ಪ್ರತಿ ಸಾಲೂ ಒಂದು ಕೋರಿಕೆ. ಅದರಲ್ಲಿ ಬಳಕೆದಾರರ ಗುರುತಿನ ಸಂಖ್ಯೆ, ಉತ್ತರ ಕೊಡಲು ಹಿಡಿದ ಸಮಯ, ಕೋರಿಕೆ ಯಶಸ್ವಿಯೋ ವಿಫಲವೋ ಎಂಬ ಗುರುತು ಇವೆ. ಪೂರ್ತಿ ಓದಲು ಗಂಟೆಗಟ್ಟಲೆ ಬೇಕು. ನಿಮಗೆ ಬೇಕಿರುವುದು ಅದರ ಸಾರಾಂಶ.

## ಶುರು ಮಾಡುವ ಮುನ್ನ ಕೈಯಲ್ಲಿರಬೇಕಾದವು

ಸ್ವಾಭಾವಿಕ ಲಾಗರಿದಮ್ ಮತ್ತು ವರ್ಗಮೂಲ ಬರುವ ಒಂದು ಕ್ಯಾಲ್ಕುಲೇಟರ್. ಬೀಜಸಂಖ್ಯೆ, ಅಂದರೆ ಸೀಡ್ (ಅದೇ ಸಂಖ್ಯೆ ಕೊಟ್ಟರೆ ಅದೇ ಆಯ್ಕೆ ಮರಳಿ ಬರುತ್ತದೆ), ಕೊಡಲು ಬರುವ ಯಾದೃಚ್ಛಿಕ ಸಂಖ್ಯೆಗಳ ಜನಕ. ಪೈಥಾನ್, ಆರ್, ಯಾವುದರಲ್ಲಿ ಇರುವುದಾದರೂ ಸರಿ. ದತ್ತಾಂಶದ ಒಟ್ಟು ಸಾಲುಗಳ ಸಂಖ್ಯೆ, ಸುಮಾರಾಗಿ ಗೊತ್ತಿದ್ದರೂ ನಡೆಯುತ್ತದೆ. ಕೊನೆಯದಾಗಿ ಒಂದು ಖಾಲಿ ಹಾಳೆ. ಮೊದಲ ಎರಡು ಹಂತಗಳು ನಡೆಯುವುದು ಆ ಹಾಳೆಯ ಮೇಲೆ, ದತ್ತಾಂಶವನ್ನು ಮುಟ್ಟುವ ಮೊದಲು.

## ಹಂತ 1: ಪ್ರಶ್ನೆಯನ್ನು ಸಂಖ್ಯೆಯ ರೂಪದಲ್ಲಿ ಬರೆಯಿರಿ

"ಲಾಗ್ ಹೇಗಿದೆ ನೋಡಬೇಕು" ಎನ್ನುವುದಕ್ಕೆ ಯಾವ ಮಿತಿಯೂ, ಅಂದರೆ ಉತ್ತರ ಎಷ್ಟರೊಳಗೆ ತಪ್ಪಬಹುದು ಎಂಬ ಖಾತರಿಯೂ, ಸಿಗುವುದಿಲ್ಲ. "ಎಲ್ಲ ಕೋರಿಕೆಗಳಲ್ಲಿ ವಿಫಲವಾದವುಗಳ ಪಾಲು ಎಷ್ಟು" ಎಂದರೆ ಸಿಗುತ್ತದೆ. ಪ್ರಶ್ನೆ ಈ ನಾಲ್ಕರಲ್ಲಿ ಯಾವ ಜಾತಿಯದು ಎಂದು ಗುರುತಿಸಿ: ಪಾಲು, ಸರಾಸರಿ, ಮಧ್ಯಾಂಕದಂಥ ಶೇಕಡಾ ಸ್ಥಾನ (ಇಂತಿಷ್ಟು ಶೇಕಡಾ ಸಾಲುಗಳು ಯಾವ ಸಂಖ್ಯೆಯ ಕೆಳಗಿವೆ ಎಂಬುದು; ಮಧ್ಯಾಂಕದ ಕೆಳಗೆ ಅರ್ಧ), ಅಥವಾ ಒಟ್ಟು ಮೊತ್ತ. ಮುಂದೆ ಬಳಸುವ ಅಸಮತೆ, ಅಂದರೆ ಆ ಮಿತಿಯನ್ನು ಕೊಡುವ ಗಣಿತ ಸೂತ್ರ, ಇದರ ಮೇಲೆ ನಿಂತಿದೆ.

ಜೊತೆಗೆ ಯಾವುದರ ಪಾಲು ಎಂಬುದನ್ನೂ ಬರೆಯಿರಿ. ಕೋರಿಕೆಗಳಲ್ಲಿ ಶೇ. 2 ವಿಫಲ ಎನ್ನುವುದೂ ಬಳಕೆದಾರರಲ್ಲಿ ಶೇ. 2 ಮಂದಿಗೆ ತೊಂದರೆ ಎನ್ನುವುದೂ ಬೇರೆ ಬೇರೆ ಮಾತು. ದಿನಕ್ಕೆ ಸಾವಿರ ಕೋರಿಕೆ ಕಳಿಸುವ ಬಳಕೆದಾರನಿಗೆ ಸಾಲುಗಳ ಮಾದರಿಯಲ್ಲಿ ಸಾವಿರ ಪಟ್ಟು ತೂಕ ಬೀಳುತ್ತದೆ. ಪ್ರಶ್ನೆ ಬಳಕೆದಾರರ ಕುರಿತಾಗಿದ್ದರೆ ಆರಿಸಬೇಕಾದದ್ದು ಬಳಕೆದಾರರನ್ನು. ಸಾಲುಗಳನ್ನು ಆರಿಸಿ, ಆಮೇಲೆ ಅದರಲ್ಲಿ ಸಿಕ್ಕ ಬಳಕೆದಾರರನ್ನು ಎಣಿಸಿದರೆ ಸಿಗುವುದು ಹೆಚ್ಚು ಬಳಸುವವರ ಚಿತ್ರ.

ಮಾದರಿಯಿಂದ ಉತ್ತರ ಸಿಗದ ಪ್ರಶ್ನೆಗಳನ್ನು ಇಲ್ಲೇ ಬದಿಗಿಡಿ. ಅತಿ ದೊಡ್ಡ ಬೆಲೆ, ಅತಿ ಚಿಕ್ಕ ಬೆಲೆ (ಇಲ್ಲಿ ಬೆಲೆ ಎಂದರೆ ಸಾಲಿನಲ್ಲಿ ದಾಖಲಾದ ಸಂಖ್ಯೆ) ಮಾದರಿಗೆ ದಕ್ಕುವುದಿಲ್ಲ. 100 ಕೋಟಿಯಲ್ಲಿ ಒಂದೇ ಒಂದು ಸಾಲಿನಲ್ಲಿರುವ ಗರಿಷ್ಠ ಬೆಲೆ ನಿಮ್ಮ ಬಲೆಗೆ ಬೀಳುವ ಸಾಧ್ಯತೆ ಇಲ್ಲವೆಂದೇ ಹೇಳಬೇಕು. ಎಷ್ಟು ಬೇರೆ ಬೇರೆ ಬಳಕೆದಾರರಿದ್ದಾರೆ ಎಂಬುದೂ ಹಾಗೆಯೇ. ಮಾದರಿಯಲ್ಲಿ ಒಮ್ಮೆ ಮಾತ್ರ ಕಂಡವರು ಇಡೀ ದತ್ತಾಂಶದಲ್ಲೂ ಒಮ್ಮೆಯೇ ಇದ್ದಾರೋ ನೂರು ಸಲ ಇದ್ದಾರೋ ಹೇಳಲು ಬರುವುದಿಲ್ಲ. ಅದಕ್ಕೆ ಹೈಪರ್‌ಲಾಗ್‌ಲಾಗ್ ಎಂಬ ವಿಧಾನವಿದೆ. ಅದು ಪ್ರತಿ ಸಾಲನ್ನೂ ಒಮ್ಮೆ ಓದುತ್ತದೆ, ಆದರೆ 12 ಕಿಲೋಬೈಟ್ ಜಾಗದಲ್ಲೇ ಸುಮಾರು ಶೇ. 0.81ರಷ್ಟು ಮಾನಕ ದೋಷದಲ್ಲಿ (ಉತ್ತರ ನಿಜದಿಂದ ಸಾಮಾನ್ಯವಾಗಿ ಸರಿಯುವ ದೂರ) ಉತ್ತರ ಕೊಡುತ್ತದೆ.

## ಹಂತ 2: ಎರಡು ಸಂಖ್ಯೆಗಳನ್ನು ಮೊದಲೇ ನಿಗದಿ ಮಾಡಿ

ಮೊದಲನೆಯದನ್ನು ಅಂಚು ಎನ್ನೋಣ: ಉತ್ತರ ನಿಜ ಬೆಲೆಯಿಂದ ಎಷ್ಟು ಆಚೀಚೆ ಹೋದರೆ ನಿಮಗೆ ಪರವಾಗಿಲ್ಲ ಎಂಬ ಅಳತೆ. ಎರಡನೆಯದು ಸೋಲಿನ ಪಾಲು: ಆ ಅಂಚನ್ನೂ ಮೀರಿ ತಪ್ಪುವ ಸಾಧ್ಯತೆ ಎಷ್ಟಿದ್ದರೆ ಒಪ್ಪುತ್ತೀರಿ ಎಂಬುದು. ಅಂಚು 0.01, ಸೋಲಿನ ಪಾಲು 0.05 ಎಂದರೆ, ಹೀಗೆಯೇ ಮತ್ತೆ ಮತ್ತೆ ಮಾದರಿ ತೆಗೆದರೆ 100ಕ್ಕೆ 95 ಸಲವಾದರೂ ಉತ್ತರ ನಿಜದಿಂದ 0.01ರೊಳಗೆ ಇರುತ್ತದೆ.

ಈ ಎರಡನ್ನು ಇಳಿಸುವ ಖರ್ಚು ಒಂದೇ ಅಲ್ಲ. ಅಂಚನ್ನು ಅರ್ಧ ಮಾಡಿದರೆ ಮಾದರಿ ನಾಲ್ಕು ಪಟ್ಟಾಗಬೇಕು. ಸೋಲಿನ ಪಾಲನ್ನು 0.05ರಿಂದ 0.001ಕ್ಕೆ, ಅಂದರೆ 50ರಲ್ಲಿ ಒಂದು ಪಾಲಿಗೆ ಇಳಿಸಿದರೂ ಮಾದರಿ ಬೆಳೆಯುವುದು ಎರಡು ಪಟ್ಟಿಗಿಂತ ಚೂರು ಹೆಚ್ಚು. ನನ್ನ ಸಲಹೆ: ಅಂಚನ್ನು ಬೇಕಾದ್ದಕ್ಕಿಂತ ಚಿಕ್ಕದು ಮಾಡಬೇಡಿ, ಸೋಲಿನ ಪಾಲನ್ನು ಧಾರಾಳವಾಗಿ ಇಳಿಸಿ. ಇದರ ಉಪಯೋಗ ಹಂತ 6ರಲ್ಲಿ ಗೊತ್ತಾಗುತ್ತದೆ.

ಅಂಚನ್ನು ಬರೆಯುವಾಗ ಒಂದು ಎಚ್ಚರ. ವಿಫಲತೆ ಶೇ. 2 ಇದೆ, ಅಂಚು ಶೇ. 1 ಎಂದರೆ ಏನರ್ಥ? 1ರಿಂದ 3ರವರೆಗೆ ಎಂದೋ, 1.98ರಿಂದ 2.02ರವರೆಗೆ ಎಂದೋ? ಮೊದಲನೆಯದು ನೇರ ಅಂಚು, ಎರಡನೆಯದು ಸಾಪೇಕ್ಷ ಅಂಚು. ಬೇಕಾಗುವ ಮಾದರಿಯಲ್ಲಿ ಇವೆರಡರ ನಡುವೆ ಅಜಗಜಾಂತರವಿದೆ. ನಿಮ್ಮದು ಯಾವುದು ಎಂದು ಸ್ಪಷ್ಟವಾಗಿ ಬರೆದಿಡಿ.

## ಹಂತ 3: ಮಾದರಿಯ ಗಾತ್ರ ಲೆಕ್ಕ ಹಾಕಿ

ಪಾಲಿನ ಪ್ರಶ್ನೆಗೆ ಹೋಫ್ಡಿಂಗ್ ಅಸಮತೆಯಿಂದ ಶುರು ಮಾಡಿ:

ಮಾದರಿ ಗಾತ್ರ = ಲಾಗ್(2 ÷ ಸೋಲಿನ ಪಾಲು) ÷ (2 × ಅಂಚು × ಅಂಚು)

ಇಲ್ಲಿ ಲಾಗ್ ಎಂದರೆ ಸ್ವಾಭಾವಿಕ ಲಾಗರಿದಮ್. ಹತ್ತರ ಆಧಾರದ ಲಾಗ್ ಹಾಕಿ ಅರ್ಧಕ್ಕಿಂತ ಚಿಕ್ಕ ಮಾದರಿ ತೆಗೆದವರನ್ನು ಎಷ್ಟೋ ಸಲ ಕಂಡಿದ್ದೇನೆ. ಸೋಲಿನ ಪಾಲು 0.05 ಇದ್ದರೆ ಮೇಲಿನ ಲಾಗ್ 3.689. ಅಂಚು 0.05 ಆದರೆ 738 ಸಾಲು ಸಾಕು, 0.02 ಆದರೆ 4,612, 0.01 ಆದರೆ 18,445, 0.005 ಆದರೆ 73,778.

ಈ ಸೂತ್ರದಲ್ಲಿ ದತ್ತಾಂಶದ ಗಾತ್ರ ಎಲ್ಲೂ ಇಲ್ಲ. 10 ಲಕ್ಷ ಸಾಲಿರಲಿ, 100 ಕೋಟಿ ಇರಲಿ, 18,445 ಅದೇ 18,445. ಇದನ್ನು ನಂಬಲಾಗದೆ "ಹೇಗಿದ್ದರೂ ಶೇ. 1 ತೆಗೆಯೋಣ" ಎಂದು ಒಂದು ಕೋಟಿ ಸಾಲು ಎಳೆಯುವವರಿದ್ದಾರೆ. ಅದೇ ಶೇ. 1ರ ನಿಯಮವನ್ನು 50,000 ಸಾಲಿನ ಕೋಷ್ಟಕಕ್ಕೆ ಹಾಕಿದರೆ ಸಿಗುವುದು 500 ಸಾಲು, ಅಂಚು 0.06. ಶೇಕಡಾವಾರು ಮಾದರಿ ಎಂಬ ಅಭ್ಯಾಸವನ್ನು ದಯವಿಟ್ಟು ಬಿಡಿ. ಸೂತ್ರ ಕೊಟ್ಟ ಸಂಖ್ಯೆ ಒಟ್ಟು ಸಾಲುಗಳ ಹತ್ತಿರಕ್ಕೇ ಬಂದರೆ ಮಾತ್ರ ಮಾದರಿಯ ಯೋಚನೆ ಬಿಟ್ಟು ಎಲ್ಲವನ್ನೂ ಎಣಿಸಿಬಿಡಿ.

ಬೇರೆ ಅಸಮತೆಗಳ ಜೊತೆ ಹೋಲಿಸಿದರೆ ಇದರ ಸ್ಥಾನ ತಿಳಿಯುತ್ತದೆ. ಅದೇ 0.01 ಮತ್ತು 0.05ಕ್ಕೆ ಚೆಬಿಶೆವ್ ಅಸಮತೆ 50,000 ಸಾಲು ಕೇಳುತ್ತದೆ. ಪಠ್ಯಪುಸ್ತಕದ 1.96ರ ಸೂತ್ರ 9,604 ಸಾಕು ಎನ್ನುತ್ತದೆ. ಆದರೆ ಈ ಕೊನೆಯದು ಗಂಟೆಯಾಕಾರದ ವಕ್ರರೇಖೆಯನ್ನು ನಂಬಿ ಮಾಡಿದ ಅಂದಾಜು, ಖಾತರಿ ಅಲ್ಲ. ಪಾಲು ಸೊನ್ನೆಯ ಹತ್ತಿರ ಹೋದಂತೆ ಆ ಅಂದಾಜು ಕುಸಿಯುತ್ತದೆ. ಯೋಜನೆ ಹಾಕುವಾಗ ನಾನು ಹೋಫ್ಡಿಂಗ್ ಅನ್ನೇ ನೆಚ್ಚುತ್ತೇನೆ. ಸುಮಾರು ಎರಡರಷ್ಟು ಸಾಲು ಹೆಚ್ಚಾಗುತ್ತದೆ ನಿಜ, ಆದರೆ ದತ್ತಾಂಶದ ಆಕಾರದ ಬಗ್ಗೆ ಏನನ್ನೂ ಊಹಿಸಬೇಕಿಲ್ಲ.

### ಅಪರೂಪದ ಘಟನೆಗಳು

ವಿಫಲತೆ ಸಾವಿರಕ್ಕೆ ಒಂದು ಎಂದಿಟ್ಟುಕೊಳ್ಳಿ. ಆಗ ನೇರ ಅಂಚು 0.01 ಇರುವ ಉತ್ತರದಿಂದ ಪ್ರಯೋಜನವಿಲ್ಲ, "ಶೇ. 0ರಿಂದ ಶೇ. 1.1ರ ನಡುವೆ" ಎಂದರೆ ಏನೂ ಹೇಳಿದಂತಾಗಲಿಲ್ಲ. ಇಲ್ಲಿ ಸಾಪೇಕ್ಷ ಅಂಚು ಬೇಕು, ಅದಕ್ಕೆ ಚೆರ್ನಾಫ್ ಮಿತಿ:

ಮಾದರಿ ಗಾತ್ರ = 3 × ಲಾಗ್(2 ÷ ಸೋಲಿನ ಪಾಲು) ÷ (ಸಾಪೇಕ್ಷ ಅಂಚು × ಸಾಪೇಕ್ಷ ಅಂಚು × ಪಾಲು)

ಪಾಲು 0.001, ಸಾಪೇಕ್ಷ ಅಂಚು ಶೇ. 10 ಆದರೆ ಉತ್ತರ 11,06,664. ಗಾಬರಿಯಾಗಬೇಡಿ, 100 ಕೋಟಿಯ ಎದುರು ಇದೂ ಸಣ್ಣದೇ. ಪಾಲು ಎಷ್ಟೆಂದು ಮೊದಲೇ ಗೊತ್ತಿಲ್ಲವಲ್ಲ ಎಂದರೆ, "ಇದಕ್ಕಿಂತ ಕಡಿಮೆಯಾದರೆ ನನಗೆ ಲೆಕ್ಕಕ್ಕಿಲ್ಲ" ಎನ್ನುವ ಕನಿಷ್ಠ ಪಾಲನ್ನು ಆ ಜಾಗದಲ್ಲಿ ಹಾಕಿ.

ಮಾದರಿಯಲ್ಲಿ ಒಂದೂ ವಿಫಲತೆ ಕಾಣಲಿಲ್ಲವೇ? "ವಿಫಲತೆ ಇಲ್ಲ" ಎಂದು ಬರೆಯಬೇಡಿ. 3ನ್ನು ಮಾದರಿ ಗಾತ್ರದಿಂದ ಭಾಗಿಸಿ, ಶೇ. 95ರ ಭರವಸೆಯಲ್ಲಿ ಅದು ಮೇಲ್ಮಿತಿ. 18,445 ಸಾಲುಗಳಲ್ಲಿ ಸೊನ್ನೆ ಕಂಡರೆ ನಿಜವಾದ ಪಾಲು ಸುಮಾರು ಶೇ. 0.016ರವರೆಗೂ ಇರಬಹುದು. 100 ಕೋಟಿಯಲ್ಲಿ ಅದು 1.6 ಲಕ್ಷ ವಿಫಲ ಕೋರಿಕೆ.

### ಸರಾಸರಿ ಬೇಕಾದಾಗ

ಅತಿ ಹೆಚ್ಚು ಜನ ಎಡವುವ ಜಾಗ ಇದು. ಪಾಲಿನ ಪ್ರಶ್ನೆಯಲ್ಲಿ ಪ್ರತಿ ಸಾಲೂ 0 ಅಥವಾ 1. ಸರಾಸರಿಯಲ್ಲಿ ಹಾಗಿಲ್ಲ. ಬೆಲೆಗಳ ವ್ಯಾಪ್ತಿ, ಅಂದರೆ ಗರಿಷ್ಠಕ್ಕೂ ಕನಿಷ್ಠಕ್ಕೂ ಇರುವ ಅಂತರ ಮೊದಲೇ ಗೊತ್ತಿರಬೇಕು. ಹೋಫ್ಡಿಂಗ್ ಸೂತ್ರದ ಉತ್ತರವನ್ನು ಆ ವ್ಯಾಪ್ತಿಯ ವರ್ಗದಿಂದ ಗುಣಿಸಬೇಕು.

ನಮ್ಮ ಲಾಗಿನಲ್ಲಿ 30 ಸೆಕೆಂಡಿಗೆ ಸಂಪರ್ಕ ಕಡಿಯುತ್ತದೆ, ಹಾಗಾಗಿ ಸಮಯ 0ಯಿಂದ 30ರೊಳಗೆ. ಸರಾಸರಿ ಸಮಯ 0.01 ಸೆಕೆಂಡಿನ ಅಂಚಿನಲ್ಲಿ ಬೇಕೆಂದರೆ 18,445ಕ್ಕೆ 900 ಪಟ್ಟು, ಸುಮಾರು 1 ಕೋಟಿ 66 ಲಕ್ಷ ಸಾಲು! ಬಹುಪಾಲು ಕೋರಿಕೆಗಳು ಅರ್ಧ ಸೆಕೆಂಡಿನಲ್ಲಿ ಮುಗಿಯುತ್ತಿದ್ದರೂ, 30ರವರೆಗೂ ಹೋಗಬಹುದು ಎಂಬ ಒಂದೇ ಕಾರಣಕ್ಕೆ ಇಷ್ಟು ದಂಡ.

ಇದರಿಂದ ಪಾರಾಗುವ ದಾರಿ ಎಂಪಿರಿಕಲ್ ಬರ್ನ್‌ಸ್ಟೈನ್ ಮಿತಿ. ಅದು ವ್ಯಾಪ್ತಿಯ ಜೊತೆಗೆ ಮಾದರಿಯಲ್ಲೇ ಅಳೆದ ವೇರಿಯನ್ಸ್ ಅನ್ನೂ (ಬೆಲೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) ಬಳಸುತ್ತದೆ. ಎರಡೂ ಬದಿಗೆ ಅನ್ವಯಿಸುವಂತೆ ಬರೆದರೆ:

ಅಂಚು = ವರ್ಗಮೂಲ(2 × ವೇರಿಯನ್ಸ್ × ಲಾಗ್(4 ÷ ಸೋಲಿನ ಪಾಲು) ÷ ಮಾದರಿ ಗಾತ್ರ) + 7 × ವ್ಯಾಪ್ತಿ × ಲಾಗ್(4 ÷ ಸೋಲಿನ ಪಾಲು) ÷ (3 × (ಮಾದರಿ ಗಾತ್ರ − 1))

ಒಂದು ಲಕ್ಷ ಸಾಲು ತೆಗೆದಿದ್ದೀರಿ, ಸಮಯದ ಮಾನಕ ವಿಚಲನೆ (ವೇರಿಯನ್ಸ್‌ನ ವರ್ಗಮೂಲ) 0.3 ಸೆಕೆಂಡ್ ಬಂತು, ಹಾಗಾಗಿ ವೇರಿಯನ್ಸ್ 0.09 ಎಂದುಕೊಳ್ಳಿ. ಮೊದಲ ಪದ 0.0028, ಎರಡನೆಯದು 0.0031, ಒಟ್ಟು ಅಂಚು 0.006 ಸೆಕೆಂಡ್. ಕೋಟಿಗಟ್ಟಲೆ ಸಾಲು ಕೇಳುತ್ತಿದ್ದ ಕೆಲಸ ಒಂದು ಲಕ್ಷದಲ್ಲಿ, ಅದೂ ಇನ್ನೂ ಬಿಗಿಯಾಗಿ ಮುಗಿಯಿತು. ಈ ಎರಡು ಪದಗಳನ್ನು ಬೇರೆ ಬೇರೆಯಾಗಿ ನೋಡುವ ರೂಢಿ ಇಟ್ಟುಕೊಳ್ಳಿ. ಎರಡನೆಯದು ಮೊದಲನೆಯದನ್ನು ಮೀರಿ ನಿಂತಿದೆ ಎಂದರೆ ನಿಮ್ಮ ಮಾದರಿ ಆ ವ್ಯಾಪ್ತಿಗೆ ಇನ್ನೂ ಚಿಕ್ಕದು. ಗಾತ್ರ ಹೆಚ್ಚಿಸಿದಂತೆ ಎರಡನೆಯದು ಬೇಗ ಕರಗುತ್ತದೆ. 10 ಲಕ್ಷಕ್ಕೆ ಒಟ್ಟು ಅಂಚು 0.0012ಕ್ಕೆ ಇಳಿಯುತ್ತದೆ.

ವ್ಯಾಪ್ತಿಯ ಜಾಗದಲ್ಲಿ ಮಾದರಿಯಲ್ಲಿ ಕಂಡ ಗರಿಷ್ಠ ಬೆಲೆಯನ್ನು ಹಾಕಬೇಡಿ. ಅದು ದೊಡ್ಡ ತಪ್ಪು, ಬಹಳ ಸಾಮಾನ್ಯವಾದ ತಪ್ಪು ಕೂಡ. ಮಿತಿ ಕಾಪಾಡಬೇಕಿರುವುದೇ ನೀವು ಕಾಣದ ದೊಡ್ಡ ಬೆಲೆಗಳಿಂದ. ವ್ಯಾಪ್ತಿ ಹೊರಗಿನಿಂದ ಬರಬೇಕು: ಸಂಪರ್ಕ ಕಡಿಯುವ ಸಮಯ, ಪರೀಕ್ಷೆಯ ಗರಿಷ್ಠ ಅಂಕ, ಉಪಕರಣ ಅಳೆಯಬಲ್ಲ ಮಿತಿ, ಹೀಗೆ.

ಅಂಥ ಮಿತಿಯೇ ಇಲ್ಲದ ಅಂಕಣಗಳೂ ಇರುತ್ತವೆ: ಖಾತೆಯ ಮೊತ್ತ, ಫೈಲಿನ ಗಾತ್ರ. ಒಂದೇ ಒಂದು ಸಾಲು ಇಡೀ ಸರಾಸರಿಯನ್ನು ಎಳೆದಾಡಬಲ್ಲ ಕಡೆ ಹೋಫ್ಡಿಂಗ್ ಆಗಲಿ ಬರ್ನ್‌ಸ್ಟೈನ್ ಆಗಲಿ ಏನೂ ಹೇಳವು. ಆಗ ಒಂದು ಕಡಿತದ ಬೆಲೆ ಗೊತ್ತು ಮಾಡಿ, ಅದಕ್ಕಿಂತ ಕೆಳಗಿನವುಗಳ ಸರಾಸರಿಯನ್ನು ಮಾದರಿಯಿಂದ ತೆಗೆದು, ಮೇಲಿನವುಗಳನ್ನು ಪೂರ್ತಿ ಎಣಿಸಿ. ದೊಡ್ಡ ಬೆಲೆಗಳು ಕೆಲವೇ ಇರುವುದರಿಂದ, ಆ ಅಂಕಣಕ್ಕೆ ಸೂಚಿ (ಇಂಡೆಕ್ಸ್) ಇದ್ದರೆ ಇದು ಅಷ್ಟೇನೂ ದುಬಾರಿಯಲ್ಲ. ನನಗೆ ಅತ್ಯಂತ ಹಿಡಿಸಿದ ದಾರಿ ಇದೇ.

### ಮಧ್ಯಾಂಕ ಮತ್ತು ಶೇಕಡಾ ಸ್ಥಾನಗಳು

ಇಲ್ಲಿ ವ್ಯಾಪ್ತಿಯ ಕಾಟವೇ ಇಲ್ಲ. ಡ್ವೊರೆಟ್ಸ್ಕಿ, ಕೀಫರ್, ವೋಲ್ಫೊವಿಟ್ಸ್ ಮೂವರ ಹೆಸರಿನ ಅಸಮತೆಗೆ 1990ರಲ್ಲಿ ಮಸ್ಸಾರ್ ಕೊಟ್ಟ ಬಿಗಿಯಾದ ರೂಪವನ್ನು ಬಳಸಿದರೆ ಗಾತ್ರದ ಸೂತ್ರ ಹೋಫ್ಡಿಂಗ್‌ನದೇ. ಅದೇ 18,445 ಸಾಲುಗಳಿಂದ ಎಲ್ಲ ಶೇಕಡಾ ಸ್ಥಾನಗಳೂ ಒಟ್ಟಿಗೆ, ಒಂದೇ ಸೋಲಿನ ಪಾಲಿನಲ್ಲಿ ಸಿಗುತ್ತವೆ. ನಿಜವಾದ ಮಧ್ಯಾಂಕ ಮಾದರಿಯ 49ನೇ ಮತ್ತು 51ನೇ ಶೇಕಡಾ ಸ್ಥಾನಗಳ ನಡುವೆ ಇರುತ್ತದೆ.

ಈ ಅಂಚು ಸ್ಥಾನದಲ್ಲಿದೆ, ಬೆಲೆಯಲ್ಲಿ ಅಲ್ಲ. 99ನೇ ಶೇಕಡಾ ಸ್ಥಾನಕ್ಕೆ ಹೋದರೆ 98ರಿಂದ 100ರವರೆಗೆ ಎಂದಾಗುತ್ತದೆ, ಮೇಲುಬದಿಗೆ ತಡೆಯೇ ಇರುವುದಿಲ್ಲ. ಅಂಚು 0.002ಕ್ಕೆ ಇಳಿಸಿದರೆ 4,61,110 ಸಾಲು ಬೇಕು. ನಿಮಗೆ ಬೇಕಿರುವುದು 99ನೆಯದೊಂದೇ ಆದರೆ ಅಷ್ಟು ದೂರ ಹೋಗಬೇಡಿ. ಅದಕ್ಕಿಂತ ಕೆಳಗೆ ಬೀಳುವ ಸಾಲುಗಳ ಸಂಖ್ಯೆ ದ್ವಿಪದ ವಿತರಣೆಯಂತೆ, ಅಂದರೆ ನಾಣ್ಯ ಚಿಮ್ಮಿ ಒಂದು ಮುಖ ಎಷ್ಟು ಸಲ ಬಿತ್ತು ಎಂದು ಎಣಿಸಿದಂತೆ, ನಡೆಯುತ್ತದೆ. 18,445ರಲ್ಲಿ ಅದರ ಮಾನಕ ವಿಚಲನೆ 13.5. ಹಾಗಾಗಿ ಆರೋಹಣ ಕ್ರಮದಲ್ಲಿ ಜೋಡಿಸಿ, 18,261ನೇ ಸ್ಥಾನದ (18,445ರ ಶೇ. 99) ಆಚೀಚೆ 27 (13.5ರ ಎರಡು ಪಟ್ಟು) ಸ್ಥಾನಗಳ ಬೆಲೆಗಳನ್ನು ನೋಡಿದರೆ ಶೇ. 95ರ ಸುಮಾರು ಶ್ರೇಣಿ ಸಿಗುತ್ತದೆ.

ಒಟ್ಟು ಮೊತ್ತಕ್ಕೆ ಬೇರೆ ಸೂತ್ರವಿಲ್ಲ: ಸರಾಸರಿಯನ್ನು ಒಟ್ಟು ಸಾಲುಗಳಿಂದ ಗುಣಿಸಿ. ಅಂಚನ್ನೂ ಗುಣಿಸಬೇಕು ಎಂಬುದನ್ನು ಮರೆಯಬೇಡಿ. 0.01ರ ಅಂಚು 100 ಕೋಟಿ ಸಾಲಿನಲ್ಲಿ ಒಂದು ಕೋಟಿಯ ಅಂಚಾಗುತ್ತದೆ.

## ಹಂತ 4: ಸಾಲುಗಳನ್ನು ನಿಜವಾಗಿಯೂ ಯಾದೃಚ್ಛಿಕವಾಗಿ ಆರಿಸಿ

ಮೇಲಿನ ಎಲ್ಲ ಖಾತರಿಗಳೂ ಒಂದೇ ಷರತ್ತಿನ ಮೇಲೆ ನಿಂತಿವೆ: ಪ್ರತಿ ಸಾಲಿಗೂ ಆಯ್ಕೆಯಾಗುವ ಅವಕಾಶ ಸಮನಾಗಿರಬೇಕು, ಒಂದರ ಆಯ್ಕೆ ಪಕ್ಕದ್ದನ್ನು ಎಳೆದು ತರಬಾರದು.

ಕೆಲಸ ಮಾಡುವ ವಿಧಾನಗಳಲ್ಲಿ ನಾನು ಮೊದಲು ಹೇಳಿಕೊಡುವುದು ಚೀಟಿ ವಿಧಾನ. ಪ್ರತಿ ಸಾಲು ಓದಿದಾಗ ಅದಕ್ಕೆ 0 ಮತ್ತು 1ರ ನಡುವಿನ ಒಂದು ಯಾದೃಚ್ಛಿಕ ಸಂಖ್ಯೆಯ ಚೀಟಿ ಅಂಟಿಸಿ. ಅತಿ ಚಿಕ್ಕ ಚೀಟಿಗಳಿರುವ 18,445 ಸಾಲುಗಳನ್ನು ಮಾತ್ರ ಉಳಿಸಿಕೊಳ್ಳುತ್ತಾ ಹೋಗಿ. ಒಂದೇ ಸಲ ಓದಿದರೆ ಸಾಕು, ಒಟ್ಟು ಸಾಲು ಎಷ್ಟೆಂದು ಗೊತ್ತಿರಬೇಕಾಗಿಲ್ಲ. ದತ್ತಾಂಶ ಹತ್ತು ಯಂತ್ರಗಳಲ್ಲಿ ಹಂಚಿದ್ದರೆ ಪ್ರತಿ ಯಂತ್ರವೂ ತನ್ನ 18,445 ಚಿಕ್ಕ ಚೀಟಿಗಳನ್ನು ಕಳಿಸಲಿ. ಎಲ್ಲವನ್ನೂ ಸೇರಿಸಿ ಮತ್ತೆ ಅತಿ ಚಿಕ್ಕ 18,445 ಇಟ್ಟುಕೊಳ್ಳಿ. ಪ್ರತಿ ಯಂತ್ರದಿಂದ ಸಮನಾಗಿ 1,845 ಸಾಲು ತರುವುದು ತಪ್ಪು, ಏಕೆಂದರೆ ಯಂತ್ರಗಳಲ್ಲಿರುವ ಸಾಲುಗಳ ಸಂಖ್ಯೆ ಸಮನಾಗಿರುವುದಿಲ್ಲ.

ರಿಸರ್ವಾಯರ್ ವಿಧಾನವೂ ಇಷ್ಟೇ ಒಳ್ಳೆಯದು. ಮೊದಲ 18,445 ಸಾಲುಗಳನ್ನು ತುಂಬಿಕೊಳ್ಳಿ. ಆಮೇಲೆ ಬರುವ ಪ್ರತಿ ಸಾಲಿಗೂ, 1ರಿಂದ ಆ ಸಾಲಿನ ಕ್ರಮಸಂಖ್ಯೆಯವರೆಗಿನ ಒಂದು ಯಾದೃಚ್ಛಿಕ ಪೂರ್ಣಾಂಕ ಎತ್ತಿ; ಅದು 18,445 ಅಥವಾ ಕಡಿಮೆ ಬಂದರೆ ಆ ಸ್ಥಾನದಲ್ಲಿದ್ದ ಹಳೆಯ ಸಾಲನ್ನು ತೆಗೆದು ಹೊಸದನ್ನು ಇಡಿ. ಒಂದೇ ಪಠ್ಯ ಫೈಲಾದರೆ ಲಿನಕ್ಸ್‌ನ ಶಫ್ ಆದೇಶ ಸಾಕು. ಶೀರ್ಷಿಕೆಯ ಸಾಲು ಕೂಡ ಲಾಟರಿಗೆ ಬೀಳುತ್ತದೆ, ಅದನ್ನು ಮೊದಲೇ ತೆಗೆದಿಡಿ.

ಸಾಲು ಎರಡು ಸಲ ಬರದಂತೆ ಆರಿಸಿದರೆ ಮಿತಿ ಕೆಡುತ್ತದೆಯೇ ಎಂಬ ಅನುಮಾನ ಬೇಡ. ಹೋಫ್ಡಿಂಗ್ ಅಸಮತೆ ಅಂಥ ಮಾದರಿಗೂ ಹಾಗೆಯೇ ನಿಲ್ಲುತ್ತದೆ. 1963ರ ಮೂಲ ಲೇಖನದಲ್ಲೇ ಅದರ ರುಜುವಾತು ಇದೆ.

ಈಗ ಯಾದೃಚ್ಛಿಕ ಎಂಬಂತೆ ಕಂಡು ಮೋಸ ಮಾಡುವ ದಾರಿಗಳು.

ಮೊದಲ ಸಾಲುಗಳನ್ನು ತೆಗೆಯುವುದು. ಲಾಗ್ ಕಾಲಕ್ರಮದಲ್ಲಿರುತ್ತದೆ, ಹಾಗಾಗಿ ಸಿಗುವುದು ಒಂದು ಬೆಳಗಿನ ಕಥೆ.

ಪ್ರತಿ ನೂರನೆಯ ಸಾಲು, ಅಥವಾ ಗುರುತಿನ ಸಂಖ್ಯೆ ನೂರರಿಂದ ಭಾಗವಾಗುವ ಸಾಲು. ನೂರು ಸಾಲಿಗೊಮ್ಮೆ ಯಾವುದಾದರೂ ಸ್ವಯಂಚಾಲಿತ ತಪಾಸಣೆ ದಾಖಲಾಗುತ್ತಿದ್ದರೆ ನಿಮ್ಮ ಮಾದರಿಯಲ್ಲಿ ಅದೊಂದೇ ತುಂಬಿರಬಹುದು.

ಫೈಲಿನ ಯಾವುದೋ ಬೈಟಿಗೆ ಜಿಗಿದು ಅಲ್ಲಿಂದ ಮುಂದಿನ ಸಾಲು ಓದುವುದು. ಇದು ಬಹಳ ಜಾಣ ಉಪಾಯದಂತೆ ಕಾಣುತ್ತದೆ. ಆದರೆ ಉದ್ದ ಸಾಲಿನೊಳಗೆ ಬೀಳುವ ಸಾಧ್ಯತೆ ಹೆಚ್ಚು, ಆದ್ದರಿಂದ ಉದ್ದ ಸಾಲುಗಳ ನಂತರ ಬರುವ ಸಾಲುಗಳು ಹೆಚ್ಚು ಆಯ್ಕೆಯಾಗುತ್ತವೆ. ದೋಷದ ಸಂದೇಶಗಳು ಉದ್ದವಾಗಿರುವ ಲಾಗಿನಲ್ಲಿ ಇದು ನೇರವಾಗಿ ನಿಮ್ಮ ಉತ್ತರವನ್ನೇ ಕೆಡಿಸುತ್ತದೆ.

ದತ್ತಾಂಶ ಸಂಚಯದ (ಡೇಟಾಬೇಸ್) ವೇಗದ ಮಾದರಿ ಆದೇಶ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನ ಟೇಬಲ್‌ಸ್ಯಾಂಪಲ್ ಆದೇಶದಲ್ಲಿ ಎರಡು ಬಗೆ ಇವೆ. ಬರ್ನೂಲಿ ಎನ್ನುವುದು ಸಾಲು ಸಾಲಾಗಿ ಆರಿಸುತ್ತದೆ. ಸಿಸ್ಟಮ್ ಎನ್ನುವುದು ಇಡೀ ಪುಟಗಳನ್ನೇ (ಡಿಸ್ಕಿನಲ್ಲಿ ಒಟ್ಟಿಗೆ ಇಟ್ಟ ಸಾಲುಗಳ ಕಟ್ಟು) ಎತ್ತುತ್ತದೆ, ಅದಕ್ಕೇ ವೇಗ. ಒಂದು ಪುಟದ ಸಾಲುಗಳು ಒಂದೇ ಹೊತ್ತಿನಲ್ಲಿ ಬರೆದವು, ಒಂದನ್ನೊಂದು ಹೋಲುತ್ತವೆ. ಪುಟಕ್ಕೆ 50 ಸಾಲು, ಅವುಗಳ ನಡುವೆ 0.1ರಷ್ಟು ಸಹಸಂಬಂಧ ಇದ್ದರೆ, ನಷ್ಟದ ಗುಣಕ 1 + 49 × 0.1, ಅಂದರೆ 5.9. ನಿಮ್ಮ 18,445 ಸಾಲು ನಿಜದಲ್ಲಿ 3,126 ಸಾಲಿನಷ್ಟೇ ಬೆಲೆಬಾಳುತ್ತದೆ.

ಎರಡು ಕೋಷ್ಟಕಗಳಿಂದ ಬೇರೆ ಬೇರೆಯಾಗಿ ಶೇ. 1 ತೆಗೆದು ಜೋಡಿಸುವುದು. ಜೋಡಿಗಳಲ್ಲಿ ಉಳಿಯುವುದು ಶೇ. 0.01 ಮಾತ್ರ. ಒಂದು ಕೋಷ್ಟಕದಿಂದ ಮಾದರಿ ತೆಗೆದು, ಅದನ್ನು ಇನ್ನೊಂದರ ಪೂರ್ತಿ ಸಾಲುಗಳ ಜೊತೆ ಜೋಡಿಸಿ.

ಒಂದು ವಿಷಯದಲ್ಲಿ ಮಾತ್ರ ಅನಗತ್ಯ ಭಯ ಬೇಡ. ಒಬ್ಬನೇ ಬಳಕೆದಾರನ ಸಾಲುಗಳು ಒಂದಕ್ಕೊಂದು ಸಂಬಂಧಪಟ್ಟಿರುತ್ತವೆ, ಆದ್ದರಿಂದ ಮಿತಿ ನಿಲ್ಲುವುದಿಲ್ಲ ಎಂದು ಕೆಲವರು ಹೆದರುತ್ತಾರೆ. ಸಾಲುಗಳನ್ನು ಬಿಡಿಬಿಡಿಯಾಗಿ, ಸಮಾನ ಅವಕಾಶದಲ್ಲಿ ಆರಿಸಿದ್ದರೆ ಯಾದೃಚ್ಛಿಕತೆ ಬಂದಿರುವುದು ನಿಮ್ಮ ಲಾಟರಿಯಿಂದ. ದತ್ತಾಂಶದೊಳಗಿನ ಸಂಬಂಧಗಳು ಅದನ್ನು ಕದಡುವುದಿಲ್ಲ. ಉತ್ತರ ಈ 100 ಕೋಟಿ ಸಾಲುಗಳ ಕುರಿತು ಸರಿಯಾಗಿಯೇ ಇರುತ್ತದೆ. ಮುಂದಿನ ತಿಂಗಳ ಸಾಲುಗಳ ಬಗ್ಗೆ ಭವಿಷ್ಯ ಹೇಳಲು ಹೊರಟರೆ ಮಾತ್ರ ಆ ಸಂಬಂಧಗಳು ಅಡ್ಡ ಬರುತ್ತವೆ.

ಬೀಜಸಂಖ್ಯೆಯನ್ನು ಆಯ್ಕೆಗೆ ಮೊದಲೇ ಹಾಳೆಯಲ್ಲಿ ಬರೆದಿಡಿ. ಉತ್ತರ ಹಿಡಿಸಲಿಲ್ಲ ಎಂದು ಬೀಜ ಬದಲಿಸಿದ ಕ್ಷಣವೇ ಮಾದರಿ ಯಾದೃಚ್ಛಿಕವಾಗಿ ಉಳಿಯುವುದಿಲ್ಲ.

## ಹಂತ 5: ಗೊತ್ತಿರುವ ಉತ್ತರದಿಂದ ಮಾದರಿಯನ್ನು ಪರೀಕ್ಷಿಸಿ

ಬಹಳ ಮಂದಿ ಈ ಹಂತವನ್ನು ಹಾರಿಸುತ್ತಾರೆ. ಅಸಲಿ ಪ್ರಶ್ನೆಯ ಉತ್ತರ ನೋಡುವ ಮೊದಲು, ಪೂರ್ತಿ ದತ್ತಾಂಶದಲ್ಲಿ ಈಗಾಗಲೇ ಗೊತ್ತಿರುವ ಯಾವುದಾದರೂ ಒಂದನ್ನು ಮಾದರಿಯಲ್ಲಿ ಅಳೆಯಿರಿ. ತಿಂಗಳುವಾರು ಸಾಲುಗಳ ಸಂಖ್ಯೆ ಸಾಮಾನ್ಯವಾಗಿ ಎಲ್ಲಾದರೂ ಸಿಗುತ್ತದೆ. ಮಾದರಿಯಲ್ಲಿ ಯಾವುದಾದರೂ ತಿಂಗಳ ಪಾಲು ನಿಜದಿಂದ ಅಂಚನ್ನು ಮೀರಿ ದೂರ ಹೋಗಿದ್ದರೆ ಆಯ್ಕೆಯಲ್ಲೇ ದೋಷವಿದೆ, ಹಂತ 4ಕ್ಕೆ ಮರಳಿ.

ಆಯ್ಕೆಯ ಕೋಡ್ ಹೊಸದಾಗಿದ್ದರೆ ಇನ್ನೊಂದು ಪರೀಕ್ಷೆ ಮಾಡಿ. ಶೇ. 50ರ ಹತ್ತಿರದ ಪಾಲಿರುವ, ನಿಜ ಉತ್ತರ ಗೊತ್ತಿರುವ, ಕೆಲವು ಲಕ್ಷ ಸಾಲಿನ ಒಂದು ಕೋಷ್ಟಕ ತೆಗೆದುಕೊಳ್ಳಿ. ಬೇರೆ ಬೇರೆ ಬೀಜಗಳಿಂದ 1,000 ಸಲ 18,445ರ ಮಾದರಿ ತೆಗೆದು, 0.01ರ ಅಂಚು ಎಷ್ಟು ಸಲ ಮುರಿಯಿತು ಎಂದು ಎಣಿಸಿ. ಖಾತರಿ ಹೇಳುವುದು 50ಕ್ಕೆ ಮೀರುವುದಿಲ್ಲ ಎಂದು. ಹೋಫ್ಡಿಂಗ್ ಉದಾರಿಯಾದ್ದರಿಂದ ನಿಜದಲ್ಲಿ ಕಾಣಬೇಕಾದದ್ದು ಏಳರ ಆಸುಪಾಸು. ಹಾಗಾಗಿ 30 ಸಲ ಮುರಿದರೆ "50ರ ಒಳಗೇ ಇದೆಯಲ್ಲ" ಎಂದು ಸಮಾಧಾನಪಟ್ಟುಕೊಳ್ಳಬೇಡಿ. ಕೋಡಿನಲ್ಲಿ ಏನೋ ಗುಂಪುಗೂಡುತ್ತಿದೆ.

ಇನ್ನು ಕೆಲವು ಅಪಾಯದ ಚಿಹ್ನೆಗಳು: ಮಾದರಿಯಲ್ಲಿ ಒಂದೇ ಸಾಲು ಹಲವು ಸಲ ಕಾಣುವುದು, ಸಾಲು ಸಂಖ್ಯೆಗಳು ದತ್ತಾಂಶದ ಉದ್ದಕ್ಕೂ ಹರಡದೆ ಒಂದೆಡೆ ಕುಳಿತಿರುವುದು, ಖಾಲಿ ಬೆಲೆಗಳನ್ನು ಬಿಟ್ಟ ಮೇಲೆ 18,445 ಇದ್ದದ್ದು 12,000ಕ್ಕೆ ಇಳಿದಿರುವುದು. ಈ ಕೊನೆಯದು ಸದ್ದಿಲ್ಲದೆ ಆಗುತ್ತದೆ. ಉಳಿದವುಗಳ ಮೇಲೆ ಲೆಕ್ಕ ಮಾಡಬಹುದು, ಆದರೆ ಆಗ ಉತ್ತರ "ಬೆಲೆ ದಾಖಲಾದ ಸಾಲುಗಳ" ಕುರಿತು ಮಾತ್ರ, ಅಂಚನ್ನೂ 12,000ಕ್ಕೆ ಹೊಸದಾಗಿ ಲೆಕ್ಕ ಹಾಕಬೇಕು.

## ಹಂತ 6: ಪ್ರಶ್ನೆಗಳು ಹಲವಾದರೆ ಸೋಲಿನ ಪಾಲನ್ನು ಹಂಚಿ

ಒಂದು ಪ್ರಶ್ನೆಗೆ 0.05 ಸೋಲು ಎಂದರೆ, 20 ಪ್ರಶ್ನೆ ಕೇಳಿದಾಗ ಎಲ್ಲೋ ಒಂದು ಕಡೆ ಸೋಲುವುದು ಅಚ್ಚರಿಯಲ್ಲ. ಪರಿಹಾರ ಸರಳ: 0.05ನ್ನು 20ರಿಂದ ಭಾಗಿಸಿ, ಪ್ರತಿ ಪ್ರಶ್ನೆಗೂ 0.0025 ಇಡಿ. 0.01ರ ಅಂಚಿಗೆ ಈಗ ಬೇಕಿರುವುದು 33,424 ಸಾಲು. ಇಪ್ಪತ್ತು ಪ್ರಶ್ನೆಗೆ ಇಪ್ಪತ್ತು ಪಟ್ಟಲ್ಲ, ಎರಡು ಪಟ್ಟಿಗಿಂತಲೂ ಕಡಿಮೆ. ಸೋಲಿನ ಪಾಲನ್ನು ಧಾರಾಳವಾಗಿ ಇಳಿಸಿ ಎಂದು ಹೇಳಿದ್ದು ಇದಕ್ಕೇ.

ನಡುನಡುವೆ ಇಣುಕಿ ನೋಡುವುದೂ ಹಲವು ಪ್ರಶ್ನೆ ಕೇಳಿದಂತೆಯೇ. ಸಾಲು ಸೇರಿಸುತ್ತಾ ಹೋಗಿ, ಅಂಚು ಚೆನ್ನಾಗಿ ಕಂಡಾಗ ನಿಲ್ಲಿಸುವವರಿಗೆ ಖಾತರಿ ಇಲ್ಲ. ಇಣುಕಲೇಬೇಕಿದ್ದರೆ ಮೊದಲ ಸಲಕ್ಕೆ 0.025, ಎರಡನೆಯದಕ್ಕೆ 0.0125, ಮೂರನೆಯದಕ್ಕೆ 0.00625, ಹೀಗೆ ಅರ್ಧರ್ಧ ಮಾಡುತ್ತಾ ಹೋಗಿ. ಎಷ್ಟು ಸಲ ನೋಡಿದರೂ ಮೊತ್ತ 0.05 ದಾಟುವುದಿಲ್ಲ.

ಗುಂಪುಗಳ ವಿಷಯ ಬೇರೆ. ಒಟ್ಟು ಸಾಲಿನಲ್ಲಿ ಶೇ. 2 ಇರುವ ಒಂದು ಗುಂಪು 18,445ರ ಮಾದರಿಯಲ್ಲಿ ಸುಮಾರು 369 ಸಾಲು ಪಡೆಯುತ್ತದೆ. ಆ ಗುಂಪಿನೊಳಗಿನ ಪಾಲಿಗೆ ಅಂಚು 0.07. ಇಡೀ ಮಾದರಿಯ 0.01ನ್ನು ಅದಕ್ಕೂ ಅಂಟಿಸಿಬಿಡುವುದು ದಿನನಿತ್ಯದ ತಪ್ಪು. ಸಣ್ಣ ಗುಂಪುಗಳು ಮುಖ್ಯವಾದರೆ ಪ್ರತಿ ಗುಂಪಿನಿಂದಲೂ ಬೇರೆಯಾಗಿ ಬೇಕಾದಷ್ಟು ಸಾಲು ತೆಗೆಯಿರಿ. ಆಮೇಲೆ ಒಟ್ಟು ಉತ್ತರ ಹೇಳುವಾಗ ಪ್ರತಿ ಗುಂಪಿಗೂ ದತ್ತಾಂಶದಲ್ಲಿ ಅದಕ್ಕಿರುವ ಪಾಲಿನಷ್ಟೇ ತೂಕ ಕೊಡಿ. ತೂಕ ಹಾಕದೆ ಎಲ್ಲವನ್ನೂ ಗುಡ್ಡೆ ಹಾಕಿದರೆ ಶೇ. 2ರ ಗುಂಪು ಇಡೀ ಸಾರಾಂಶವನ್ನು ತನ್ನ ಕಡೆ ವಾಲಿಸುತ್ತದೆ.

## ಹಂತ 7: ಉತ್ತರವನ್ನು ಪೂರ್ತಿ ವಾಕ್ಯದಲ್ಲಿ ಬರೆಯಿರಿ

ಬರೀ "ಶೇ. 2.1" ಎಂದು ಕೊಡಬೇಡಿ. ಹೀಗೆ ಬರೆಯಿರಿ: "100 ಕೋಟಿ ಕೋರಿಕೆಗಳಿಂದ ಸಮಾನ ಅವಕಾಶದಲ್ಲಿ 18,445 ಸಾಲು ಆರಿಸಲಾಗಿದೆ. ಮಾದರಿಯಲ್ಲಿ ವಿಫಲತೆಯ ಪಾಲು ಶೇ. 2.1. ನೇರ ಅಂಚು 0.01, ಸೋಲಿನ ಪಾಲು 0.05, ಹೋಫ್ಡಿಂಗ್ ಮಿತಿ." ಬೀಜಸಂಖ್ಯೆ, ಆಯ್ಕೆ ಮಾಡಿದ ದಿನ, ಬಿಟ್ಟ ಸಾಲುಗಳ ಸಂಖ್ಯೆ ಕೆಳಗಿರಲಿ. ಗಾತ್ರ ನಿಗದಿ ಮಾಡಲು ಹೋಫ್ಡಿಂಗ್ ಬಳಸಿದ್ದರೂ, ಹೌದು-ಅಲ್ಲ ಪ್ರಶ್ನೆಗೆ ವರದಿಯಲ್ಲಿ ಕ್ಲಾಪರ್-ಪಿಯರ್ಸನ್ ಶ್ರೇಣಿ (ದ್ವಿಪದ ವಿತರಣೆಯಿಂದಲೇ ನೇರವಾಗಿ ತೆಗೆದ ಶ್ರೇಣಿ) ಕೊಡಬಹುದು. ಚಿಕ್ಕ ಪಾಲುಗಳಲ್ಲಿ ಅದು ಬಹಳ ಬಿಗಿಯಾಗಿರುತ್ತದೆ, ಖಾತರಿಯೂ ಉಳಿಯುತ್ತದೆ. ಆದರೆ ಯಾವ ಶ್ರೇಣಿ ಕೊಡುತ್ತೀರಿ ಎಂಬುದೂ ಹಂತ 2ರ ಹಾಳೆಯಲ್ಲೇ ಬರೆದಿರಬೇಕು. ಎರಡನ್ನೂ ಹಾಕಿ ನೋಡಿ ಚೆಂದದ್ದನ್ನು ಆರಿಸುವಂತಿಲ್ಲ.

ಮಾದರಿಯನ್ನು ಎಸೆಯಬೇಡಿ, ಮೊದಲೇ ಪಟ್ಟಿ ಮಾಡಿದ್ದ ಉಳಿದ ಪ್ರಶ್ನೆಗಳಿಗೆ ಅದೇ ಸಾಕು. ಆದರೆ ಮಾದರಿಯನ್ನು ತಿರುವಿ ಹಾಕುತ್ತಿರುವಾಗ "ಭಾನುವಾರ ರಾತ್ರಿ ವಿಫಲತೆ ಹೆಚ್ಚಿದೆಯಲ್ಲ" ಎಂದು ಹೊಳೆದರೆ, ಆ ಪ್ರಶ್ನೆ ಹುಟ್ಟಿದ್ದೇ ಈ ಮಾದರಿಯ ಏರಿಳಿತದಿಂದ. ಅದಕ್ಕೆ ಉತ್ತರವನ್ನು ಇದರಲ್ಲೇ ಹುಡುಕಬಾರದು. ಹೊಸ ಬೀಜಸಂಖ್ಯೆ ಬರೆದು, ಹಂತ 1ರಿಂದ ಶುರು ಮಾಡಿ, ಆ ಪ್ರಶ್ನೆಗೆಂದೇ ಇನ್ನೊಂದು ಮಾದರಿ ತೆಗೆಯಿರಿ.